ತಣ್ಣಗಿದ್ದೇ ಸವೆಯುವ ಎಂಜಿನ್

ಎಂಜಿನ್ ಕುದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಬಾನೆಟ್ ಸಂದಿಯಿಂದ ಹಬೆ ಏಳುತ್ತದೆ, ಮೀಟರಿನ ಮುಳ್ಳು ಕೆಂಪು ಪಟ್ಟಿ ಮುಟ್ಟುತ್ತದೆ, ಹರಗಲು ಹೋದ ಟ್ರ್ಯಾಕ್ಟರು ನವಲಗುಂದದ ಎರೆಹೊಲದ ನಡುವೆ ನಿಂತುಕೊಳ್ಳುತ್ತದೆ, ಡ್ರೈವರು ಕೊಡ ಹಿಡಿದು ನೀರು ಹುಡುಕುತ್ತಾನೆ. ಅದೇ ಎಂಜಿನ್ ಬೇಕಾದಷ್ಟು ಬಿಸಿಯೇ ಆಗದೆ ಓಡುತ್ತಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಬಂದರೂ ದೋಷವೆಂದು ಯಾರೂ ಎಣಿಸುವುದಿಲ್ಲ. "ಗಾಡಿ ಥಂಡ ಓಡತೈತಿ" ಎಂಬುದು ನಮ್ಮ ಕಡೆ ಎಂಜಿನ್ನಿಗೆ ಸಿಗುವ ದೊಡ್ಡ ಮೆಚ್ಚುಗೆ. ಈ ಮೆಚ್ಚುಗೆ ಸಲ್ಲದು. ಅತಿಯಾಗಿ ತಣ್ಣಗಿರುವ ಎಂಜಿನ್ ರೋಗ ಹಿಡಿದ ಎಂಜಿನ್. ಆ ರೋಗಕ್ಕೆ ಕಾರಣ ಬಹಳ ಸಲ ಕೆಟ್ಟುಹೋದ ಭಾಗವಲ್ಲ, ನಾವೇ ಕಿತ್ತೆಸೆದ ಭಾಗ. ಯಾಕೆ ಕಿತ್ತೆವು ಎಂದು ಹುಡುಕಿಕೊಂಡು ಹೋದರೆ ನಮ್ಮ ಬೋರ್‌ವೆಲ್ಲಿನ ಸವಳು ನೀರಿಗೆ ಹೋಗಿ ಮುಟ್ಟುತ್ತೇವೆ.

ಮೊದಲು ಎಂಜಿನ್ನಿಗೆ ಬಿಸಿ ಯಾಕೆ ಬೇಕು ಎಂಬುದು ತಿಳಿಯಬೇಕು. ಸಿಲಿಂಡರಿನೊಳಗೆ ಡೀಸೆಲ್ ಉರಿಯುವ ಗಳಿಗೆಯಲ್ಲಿ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಗಾಲಿ ತಿರುಗಿಸುವ ಕೆಲಸಕ್ಕೆ ಬರುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಉಳಿದದ್ದನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುತ್ತದೆ. ಈ ನೀರು ಹೆಚ್ಚುಕಡಿಮೆ 80ರಿಂದ 95 ಡಿಗ್ರಿಯ ನಡುವೆ ಇರಬೇಕೆಂದೇ ಎಂಜಿನ್ನಿನ ಅಳತೆಗಳನ್ನು ಕಟ್ಟಿರುತ್ತಾರೆ. ಪಿಸ್ಟನ್ ಆ ಬಿಸಿಗೆ ಹಿಗ್ಗಿದಾಗಲೇ ಲೈನರಿಗೆ ಸರಿಯಾಗಿ ಕೂಡುತ್ತದೆ. ಆಯಿಲ್ ಕೂಡ ಹಾಗೆಯೇ. ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯೂ-40 ಆಯಿಲಿನ ಸ್ನಿಗ್ಧತೆ 40 ಡಿಗ್ರಿಯಲ್ಲಿ 100 ಸೆಂಟಿಸ್ಟೋಕಿಗೂ ಹೆಚ್ಚು, 100 ಡಿಗ್ರಿಯಲ್ಲಿ 14-15 ಮಾತ್ರ; ಅಂದರೆ ಏಳು ಪಟ್ಟು ವ್ಯತ್ಯಾಸ. ನೀರು 50-55 ಡಿಗ್ರಿಯಲ್ಲೇ ನಿಂತರೆ ಆಯಿಲೂ ದಪ್ಪವಾಗಿಯೇ ಉಳಿಯುತ್ತದೆ. ದಪ್ಪ ಆಯಿಲನ್ನು ಕಡೆಯುವುದಕ್ಕೇ ಎಂಜಿನ್ ತನ್ನ ಶಕ್ತಿಯ ಒಂದಂಶ ಕಳೆಯುತ್ತದೆ. ಆ ನಷ್ಟ ಡೀಸೆಲ್ ಬಂಕಿನಲ್ಲಿ ನಾವು ಕೊಡುವ ಹಣದಲ್ಲಿ ಸೇರಿರುತ್ತದೆ.

ಇಷ್ಟೇ ಆಗಿದ್ದರೆ ಸಣ್ಣ ಮಾತೆಂದು ಬಿಡಬಹುದಿತ್ತು. ನಿಜವಾದ ಹಾನಿ ಸಿಲಿಂಡರಿನ ಗೋಡೆಯ ಮೇಲೆ ನಡೆಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಡೀಸೆಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಕೂಡಿದ್ದರ ಫಲ ಅದು. ಬಿಸಿ ಎಂಜಿನ್ನಿನಲ್ಲಿ ಆ ನೀರೆಲ್ಲ ಹಬೆಯಾಗಿಯೇ ಹೊರಬೀಳುತ್ತದೆ. ತಣ್ಣನೆಯ ಗೋಡೆ ಸಿಕ್ಕರೆ ಒಂದಷ್ಟು ಹಬೆ ಅಲ್ಲೇ ಬೆವರುಗಟ್ಟುತ್ತದೆ, ಹೊಗೆಯಲ್ಲಿರುವ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳನ್ನು ಕರಗಿಸಿಕೊಂಡು ಆಮ್ಲವಾಗುತ್ತದೆ, ಲೈನರನ್ನೂ ರಿಂಗನ್ನೂ ತಿನ್ನುತ್ತದೆ. ಪೂರ್ತಿ ಉರಿಯದ ಡೀಸೆಲಿನ ಹನಿಗಳು ಅದೇ ಗೋಡೆಯ ಮೇಲಿರುವ ಆಯಿಲಿನ ಪೊರೆಯನ್ನು ತೊಳೆದು ಕೆಳಗಿಳಿದು ಆಯಿಲ್ ಚೇಂಬರಿಗೆ ಸೇರುತ್ತವೆ. ರಿಂಗುಗಳ ಸಂದಿಯಿಂದ ಇಳಿದ ಹಬೆಯೂ ಚೇಂಬರಿನಲ್ಲಿ ನೀರಾಗಿ ಆಯಿಲಿನ ಜೊತೆ ಕಲಸಿ ಕೆನೆಯಂಥ ಗಸಿಯಾಗುತ್ತದೆ. ಇದು ಇಂದು ನಿನ್ನೆ ಕಂಡುಕೊಂಡದ್ದೇನೂ ಅಲ್ಲ. ಎಂಜಿನ್ ಸವೆತಕ್ಕೆ ಉಜ್ಜಾಟವೊಂದೇ ಕಾರಣವಲ್ಲ, ತಣ್ಣಗೆ ಓಡುವಾಗ ಆಗುವ ರಾಸಾಯನಿಕ ಕೊರೆತವೂ ದೊಡ್ಡ ಕಾರಣ ಎಂಬುದನ್ನು ಇಂಗ್ಲೆಂಡಿನ ವಾಹನ ಎಂಜಿನಿಯರುಗಳು 1930ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ಎಂಜಿನ್ನನ್ನು ಬೇಕಾದ ಬಿಸಿಗೆ ತಂದು ಅಲ್ಲೇ ನಿಲ್ಲಿಸುವ ಕೆಲಸ ಥರ್ಮೋಸ್ಟ್ಯಾಟ್ ವಾಲ್ವಿನದು. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಒಂದನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಜಾಣತನ ತಿಳಿಯುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಸುತ್ತ ಒಂದು ಬಳೆ, ನಡುವೆ ಸ್ಪ್ರಿಂಗಿನಿಂದ ಬಿಗಿದ ತಟ್ಟೆ, ಕೆಳಗೆ ಹಿತ್ತಾಳೆಯ ಪುಟ್ಟ ಡಬ್ಬಿ. ತಟ್ಟೆಯ ಅಂಚಿನಲ್ಲೋ ಡಬ್ಬಿಯ ಬುಡದಲ್ಲೋ 82 ಅಂತಲೋ 76 ಅಂತಲೋ ಅಂಕಿ ಒತ್ತಿರುತ್ತದೆ. ಅದು ವಾಲ್ವ್ ತೆರೆಯಲು ಶುರುವಾಗುವ ಡಿಗ್ರಿ. ಡಬ್ಬಿಯೊಳಗೆ ಇರುವುದು ಮೇಣ. ನೀರು ಆ ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ಒತ್ತುತ್ತದೆ, ತಟ್ಟೆ ಸರಿದು ರೇಡಿಯೇಟರಿನ ಹಾದಿ ತೆರೆಯುತ್ತದೆ. ನೀರು ತಣಿದರೆ ಮೇಣ ಕುಗ್ಗಿ ಸ್ಪ್ರಿಂಗು ತಟ್ಟೆಯನ್ನು ಮುಚ್ಚುತ್ತದೆ. ಕರೆಂಟು ಬೇಡ, ತಂತಿ ಬೇಡ. ಅಮೆರಿಕದಲ್ಲಿ ಸರ್ಜಿಯಸ್ ವರ್ನೆ ಎಂಬಾತ 1930ರ ದಶಕದಲ್ಲಿ ರೂಪಿಸಿದ ಈ ಮೇಣದ ಉಪಾಯವೇ ಇವತ್ತಿಗೂ ಬಹುತೇಕ ವಾಹನಗಳಲ್ಲಿದೆ. ಕೆರೆಗೆ ತೂಬು ಹೇಗೋ ಎಂಜಿನ್ನಿಗೆ ಇದು ಹಾಗೆ. ತೂಬು ಕಿತ್ತ ಕೆರೆಯಲ್ಲಿ ನೀರಿನ ಮೇಲೆ ಯಾರ ಹಿಡಿತವೂ ಇರುವುದಿಲ್ಲ.

ಆದರೂ ಇದನ್ನು ಕಿತ್ತೆಸೆಯುತ್ತಾರೆ, ಮತ್ತು ಕಿತ್ತೆಸೆಯುವವರು ದಡ್ಡರಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಅಂತರ್ಜಲ ಸವಳು. ಜನ ಕುಡಿಯಲು ಕೆರೆಯ ನೀರನ್ನು ನೆಚ್ಚಿ ಬದುಕಿದ ಸೀಮೆ ಇದು. ಬಾಯಿಗೆ ಹಾಕಲಾಗದ ಆ ಬೋರಿನ ನೀರನ್ನು ರೇಡಿಯೇಟರಿಗೆ ಹಾಕಲು ಮಾತ್ರ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೆ ಸುಣ್ಣದ ಪದರ ಕೂಡುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಕಾಣುವ ಬಿಳಿ ಪದರವೇ ಅದು. ಹೊರಗಡೆ ಕಡಲೆ, ಜೋಳ, ಹೆಸರಿನ ರಾಶಿ ಮಾಡುವಾಗ ಹಾರಿದ ಹೊಟ್ಟು ರೇಡಿಯೇಟರಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಫ್ಯಾನ್ ಬೆಲ್ಟು ಸಡಿಲ, ವಾಟರ್ ಪಂಪಿನ ರೆಕ್ಕೆ ತುಕ್ಕು ತಿಂದು ಸಣ್ಣದಾಗಿದೆ. ಇಷ್ಟೆಲ್ಲ ಕೂಡಿ ಒಂದು ದಿನ ಹಿಂಗಾರಿ ರಾಶಿಯ ನಡುವೆ ಎಂಜಿನ್ ಕುದಿಯುತ್ತದೆ. ಮಿಸ್ತ್ರಿಗೆ ರೇಡಿಯೇಟರ್ ಬಿಚ್ಚಿ ತೊಳೆಸಲು ಸಮಯವಿಲ್ಲ, ರೈತನಿಗೆ ಗಾಡಿ ನಿಲ್ಲಿಸಲು ಮನಸ್ಸಿಲ್ಲ. "ವಾಲ್ವ್ ತಗದ ಒಗದಬಿಡ್ರೀ" ಎಂಬ ಸಲಹೆ ಅಲ್ಲಿ ಹುಟ್ಟುತ್ತದೆ. ಎರಡು ಬೋಲ್ಟು ಬಿಚ್ಚಿದರೆ ಕೆಲಸ ಮುಗಿಯಿತು, ಮುಳ್ಳು ಕೆಳಗಿಳಿಯಿತು. ಕುದಿತಕ್ಕೆ ಕಾರಣವಾದ ಸುಣ್ಣ ಇದ್ದಲ್ಲೇ ಇದೆ, ಏನೂ ತಪ್ಪಿಲ್ಲದ ವಾಲ್ವು ಹೊರಗೆ ಬಿದ್ದಿದೆ.

ಇದಕ್ಕೆ ಮೊದಲು ಕೇಳಿಬರುವ ಸಮರ್ಥನೆ ಹವೆಯದು. ಥರ್ಮೋಸ್ಟ್ಯಾಟ್ ಚಳಿ ದೇಶದವರಿಗೆ ಬೇಕು, ಏಪ್ರಿಲಿನಲ್ಲಿ 40 ಡಿಗ್ರಿ ಕಾಯುವ ನಮ್ಮ ಬಯಲಿಗೆ ಯಾಕೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಾಳಿ 40 ಡಿಗ್ರಿ, ನೀರು ಇರಬೇಕಾದದ್ದು 85. ನಡುವೆ ಇನ್ನೂ 45 ಡಿಗ್ರಿ ಅಂತರವಿದೆ. ಕಡುಬೇಸಿಗೆಯಲ್ಲಿ ನೇಗಿಲು ಆಳಕ್ಕಿಳಿಸಿ ಪೂರ್ತಿ ಲೋಡಿನಲ್ಲಿ ಎಳೆದರೂ ಕುದಿಯಬಾರದು ಎಂಬ ಲೆಕ್ಕದಲ್ಲಿ ರೇಡಿಯೇಟರಿನ ಗಾತ್ರ ಇಟ್ಟಿರುತ್ತಾರೆ. ಅದೇ ಟ್ರ್ಯಾಕ್ಟರು ಖಾಲಿ ಟ್ರಾಲಿ ಎಳೆದುಕೊಂಡು ಕುಂದಗೋಳದ ಸಂತೆಗೆ ಹೊರಟಾಗ, ಔಷಧ ಸಿಂಪಡಿಸುವಾಗ, ನೀರಿನ ಟ್ಯಾಂಕರು ಒಯ್ಯುವಾಗ ಆ ರೇಡಿಯೇಟರು ಬೇಕಾದದ್ದಕ್ಕಿಂತ ಎಷ್ಟೋ ದೊಡ್ಡದು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಫ್ಯಾನು ಬೆಲ್ಟಿಗೆ ಸಿಕ್ಕಿಕೊಂಡು ಸದಾ ತಿರುಗುತ್ತಲೇ ಇರುತ್ತದೆ, ನಿಲ್ಲುವ ಮಾತೇ ಇಲ್ಲ. ಹೀಗಿರುವಾಗ ತಂಪನ್ನು ತಡೆಹಿಡಿಯಲು ಇರುವುದು ವಾಲ್ವ್ ಒಂದೇ. ಕಲಘಟಗಿ ಕಡೆಗೆ ಬಂದರೆ ಮಲೆನಾಡಿನ ಅಂಚು, ಮಳೆಗಾಲವಿಡೀ ತೊಯ್ದ ಗಾಳಿ, ಮಾಗಿಯ ಮುಂಜಾವಿಗೆ ಒಳ್ಳೆಯ ಚಳಿ. ಅಲ್ಲಿ ವಾಲ್ವಿಲ್ಲದ ಎಂಜಿನ್ ಸಣ್ಣ ಓಡಾಟದಲ್ಲಿ ಕಾಯುವುದೇ ಇಲ್ಲ. 90 ಡಿಗ್ರಿ ಅಂದರೆ ಕುದಿಯುವ ಹಂತಕ್ಕೆ ಬಂದಂತಲ್ಲವೇ ಎಂದು ಕೆಲವರು ಅಂಜುತ್ತಾರೆ. ತೆರೆದ ಪಾತ್ರೆಯಲ್ಲಾದರೆ ನಮ್ಮ ಎತ್ತರದಲ್ಲಿ ನೀರು 98ರ ಸುಮಾರಿಗೆ ಕುದಿಯುತ್ತದೆ ನಿಜ. ರೇಡಿಯೇಟರಿನ ಮುಚ್ಚಳಕ್ಕೆ ಸ್ಪ್ರಿಂಗು ಇಟ್ಟಿರುವುದೇ ಅದಕ್ಕಾಗಿ: 0.9 ಬಾರ್ ಒತ್ತಡದ ಮುಚ್ಚಳ ಸರಿಯಿದ್ದರೆ ಕುದಿಯುವ ಬಿಂದು 115 ಡಿಗ್ರಿ ದಾಟುತ್ತದೆ. ರಬ್ಬರು ಹರಿದ ಮುಚ್ಚಳಕ್ಕೆ ಬಟ್ಟೆ ಸುತ್ತಿ ಓಡಿಸುವವರು ಈ ಕಾವಲನ್ನೂ ಕಳೆದುಕೊಂಡಿರುತ್ತಾರೆ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ, ಗ್ಯಾರೇಜುಗಳಲ್ಲಿ ಇದರ ಮಾತು ಬರುವುದು ಕಡಿಮೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವಿನ ಕೆಳಗೆ ಇನ್ನೊಂದು ತಟ್ಟೆ ಇರುತ್ತದೆ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಬೈಪಾಸ್ ಎಂಬ ಅಡ್ಡದಾರಿಯಲ್ಲಿ ಎಂಜಿನ್ನೊಳಗೇ ಸುತ್ತುತ್ತದೆ. ಬಿಸಿಯಾದಾಗ ಮೇಲಿನ ತಟ್ಟೆ ತೆರೆಯುವುದರ ಜೊತೆಗೆ ಕೆಳಗಿನ ತಟ್ಟೆ ಆ ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ಕಿತ್ತರೆ ಅಡ್ಡದಾರಿ ಸದಾ ತೆರೆದಿರುತ್ತದೆ. ಆಗ ಕುದಿಯುವ ನೀರಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆ ಹಾಗೇ ಎಂಜಿನ್ನಿಗೆ ಮರಳುತ್ತದೆ. ಹಗುರ ಕೆಲಸದಲ್ಲಿ ಅತಿ ತಂಪು, ಭಾರದ ಕೆಲಸದಲ್ಲಿ ಅತಿ ಬಿಸಿ: ಎರಡೂ ಕೇಡು ಒಂದೇ ಗಾಡಿಗೆ. "ವಾಲ್ವ್ ತೆಗೆದರೂ ರೋಟವೇಟರ್ ಹೊಡೆಯುವಾಗ ಹೀಟ್ ಆಗುತ್ತದಲ್ಲ" ಎಂದು ತಲೆ ಕೆರೆದುಕೊಳ್ಳುವವರು ಈ ಅಡ್ಡದಾರಿಯನ್ನು ನೋಡಬೇಕು.

ಹಾಗಾದರೆ ನಮ್ಮ ಗಾಡಿ ತಣ್ಣಗೆ ಓಡುತ್ತಿದೆಯೇ, ಯಾಕೆ ಎಂದು ತಿಳಿಯುವುದು ಹೇಗೆ? ಮೊದಲು ಕೇಳಬೇಕಾದ ಪ್ರಶ್ನೆ: ಮುಳ್ಳು ಹೇಳುವುದು ನಿಜವೇ? ಮೀಟರಿಗೆ ಸುದ್ದಿ ಕೊಡುವ ಸೆನ್ಸರು ನೀರಿನಲ್ಲಿ ಮುಳುಗಿರಬೇಕು. ರೇಡಿಯೇಟರಿನ ನೀರು ಸೋರಿ ಮಟ್ಟ ಇಳಿದಿದ್ದರೆ ಸೆನ್ಸರಿನ ಸುತ್ತ ಬರೀ ಹಬೆ, ಗಾಳಿ ಇರುತ್ತದೆ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಮಲಗಿರುತ್ತದೆ. ತಂಪೆಂದು ನಂಬಿ ಓಡಿಸಿದರೆ ಹೆಡ್ಡು ಬಿರಿಯುತ್ತದೆ. ಆದ್ದರಿಂದ ಬೆಳಿಗ್ಗೆ, ಎಂಜಿನ್ ಪೂರ್ತಿ ತಣಿದಿರುವಾಗ, ಮುಚ್ಚಳ ತೆಗೆದು ನೀರಿನ ಮಟ್ಟ ನೋಡುವುದೇ ಮೊದಲ ತಪಾಸಣೆ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಲೇಬಾರದು. ನೀರು ಸರಿಯಿದ್ದು ಮುಳ್ಳು ಮೇಲೇಳದಿದ್ದರೆ ಮೀಟರನ್ನು ಪರೀಕ್ಷಿಸಬೇಕು. ಒಂದೇ ತಂತಿಯ ಹಳೆಯ ಸೆನ್ಸರಾದರೆ, ಕೀ ಆನ್ ಮಾಡಿ ಆ ತಂತಿಯನ್ನು ಕಳಚಿ ಎಂಜಿನ್ನಿನ ಕಬ್ಬಿಣಕ್ಕೆ ಒಂದು ಕ್ಷಣ ಮುಟ್ಟಿಸಿದರೆ ಸಾಮಾನ್ಯವಾಗಿ ಮುಳ್ಳು ಪೂರ್ತಿ ಮೇಲೆ ಹೋಗುತ್ತದೆ. ಹೋದರೆ ಮೀಟರೂ ತಂತಿಯೂ ಸರಿ, ಸೆನ್ಸರಿನ ಮೇಲೆ ಅನುಮಾನ ಪಡಬಹುದು. ಹೋಗದಿದ್ದರೆ ತಂತಿಯನ್ನು ಇಲಿ ಕಡಿದಿರಬಹುದು ಅಥವಾ ಮೀಟರೇ ಕೆಟ್ಟಿರಬಹುದು. ಕಂಪ್ಯೂಟರಿರುವ ಹೊಸ ಗಾಡಿಗಳಲ್ಲಿ ಮಾತ್ರ ಈ ಪ್ರಯೋಗ ಬೇಡ, ಅಲ್ಲಿ ಸ್ಕ್ಯಾನರು ಹಾಕಿಯೇ ನೋಡಬೇಕು.

ತಂಪು ನಿಜವೆಂದು ಖಾತ್ರಿಯಾದ ಮೇಲೆ ಮೇಲಿನ ಹೋಸ್ ಪೈಪಿನ ಸರದಿ. ರಾತ್ರಿಯೆಲ್ಲ ನಿಂತ ಎಂಜಿನ್ನನ್ನು ಚಾಲೂ ಮಾಡಿ, ಎಂಜಿನ್ನಿನಿಂದ ರೇಡಿಯೇಟರಿನ ತಲೆಗೆ ಹೋಗುವ ದಪ್ಪ ಪೈಪನ್ನು ಆಗಾಗ ಮುಟ್ಟಿ ನೋಡಬೇಕು. ಫ್ಯಾನಿನಿಂದ ಕೈ, ಟವೆಲು ದೂರವಿರಲಿ. ವಾಲ್ವ್ ಸರಿಯಿದ್ದರೆ ಹೆಡ್ಡು ಕಾಯುತ್ತ ಹೋದರೂ ಪೈಪು ಬಹಳ ಹೊತ್ತು ತಣ್ಣಗಿರುತ್ತದೆ, ಆಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಹೆಡ್ಡಿನ ಜೊತೆಜೊತೆಗೇ ಪೈಪೂ ಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ವಾಲ್ವ್ ಇಲ್ಲ ಅಥವಾ ತೆರೆದೇ ಸಿಕ್ಕಿಕೊಂಡಿದೆ. ಕೈಯ ಅಂದಾಜು ಸಾಲದೆಂದರೆ ಕಾರ್ಖಾನೆಗಳಲ್ಲಿ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರು ಬರುತ್ತದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದುದು ಈ ಕೆಲಸಕ್ಕೆ ಆಗದು, ಅದು ಮೈಯ ಜ್ವರ ಅಳೆಯಲಷ್ಟೇ. ಕಾರ್ಖಾನೆಯ ಥರ್ಮಾಮೀಟರೂ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಕಡಿಮೆ ತೋರಿಸುತ್ತದೆ. ಕಪ್ಪು ರಬ್ಬರಿನ ಮೇಲೆ ಹಿಡಿಯಬೇಕು. ಲೋಡಿನಲ್ಲಿ ಅರ್ಧ ತಾಸು ಓಡಿಸಿದ ಮೇಲೂ ಅಲ್ಲಿ 60 ದಾಟದಿದ್ದರೆ ರೋಗ ಖಚಿತ. ಆಗ ವಾಲ್ವ್ ಬಿಚ್ಚಿ, ದಾರ ಕಟ್ಟಿ, ತಳಕ್ಕೆ ತಾಗದಂತೆ ಬೋಗುಣಿಯ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಬೇಕು. ಪಕ್ಕದಲ್ಲೊಂದು ಥರ್ಮಾಮೀಟರು. ಅಂಕಿಯ ಸುಮಾರಿಗೆ ಬಾಯಿ ಬಿಡಲು ಶುರುವಾಗಿ, ಕುದಿಯುವ ಮೊದಲೇ ಪೂರ್ತಿ ತೆರೆದು, ತಣಿದಾಗ ಬಿಗಿಯಾಗಿ ಮುಚ್ಚಿದರೆ ವಾಲ್ವ್ ಆರೋಗ್ಯವಾಗಿದೆ. ಧಾರವಾಡದ ಕೃಷಿ ಮೇಳದಲ್ಲಿ ಯಾರಾದರೂ ಒಂದು ಒಲೆ, ಒಂದು ಬೋಗುಣಿ ಇಟ್ಟು ಇದನ್ನು ಮಾಡಿ ತೋರಿಸಿದರೆ ಒಂದು ಕರಪತ್ರಕ್ಕಿಂತ ಹೆಚ್ಚಿನ ಕೆಲಸವಾದೀತು.

ವಾಲ್ವ್ ಸರಿಯಿದ್ದೂ ತಂಪಾದರೆ ಫ್ಯಾನನ್ನು ನೋಡಬೇಕು. ಕೆಲವು ಜೀಪು, ಪಿಕಪ್‌ಗಳಲ್ಲಿ ಬಿಸಿಗೆ ತಕ್ಕಂತೆ ಹಿಡಿಯುವ, ಬಿಡುವ ಕ್ಲಚ್ ಫ್ಯಾನ್ ಇರುತ್ತದೆ. ಅದು ಗಟ್ಟಿಯಾಗಿ ಹಿಡಿದುಬಿಟ್ಟರೆ ಹೆದ್ದಾರಿಯುದ್ದಕ್ಕೂ ಭೋರ್ಗರೆಯುತ್ತ ತಂಪು ಮಾಡುತ್ತಲೇ ಇರುತ್ತದೆ. ಕರೆಂಟಿನ ಫ್ಯಾನಾದರೆ ರಿಲೇ ಅಂಟಿಕೊಂಡು ನಿಲ್ಲದೆ ತಿರುಗಬಹುದು. ತಪ್ಪು ಡಿಗ್ರಿಯ ವಾಲ್ವೂ ಸಿಗುತ್ತದೆ. ಏರ್ ಕೂಲ್ಡ್ ಎಂಜಿನ್ನುಗಳಿಗೆ ಈ ಮಾತು ಅನ್ವಯಿಸದು, ಅವುಗಳಲ್ಲಿ ರೇಡಿಯೇಟರೇ ಇಲ್ಲ.

ಮೀಟರೇ ಇಲ್ಲದ, ಇದ್ದರೂ ಸತ್ತುಹೋದ ಗಾಡಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿ ಎಂಜಿನ್ ತಾನೇ ಕೊಡುವ ಕುರುಹುಗಳನ್ನು ಓದಬೇಕು. ಚಾಲೂ ಮಾಡಿ ಬಹಳ ಹೊತ್ತಾದರೂ ಬಿಡದ ಬಿಳಿ ಹೊಗೆ, ಕಣ್ಣುರಿಸುವ ಹಸಿ ಡೀಸೆಲ್ ವಾಸನೆ, ಒರಟಾದ ಕಟಕಟ ಸದ್ದು, ಡಿಪ್‌ಸ್ಟಿಕ್ಕಿನಲ್ಲಿ ದಿನಕಳೆದಂತೆ ಇಳಿಯಬೇಕಾದ ಆಯಿಲ್ ಏರುತ್ತ ಬರುವುದು, ಆಯಿಲ್ ಹಾಕುವ ಮುಚ್ಚಳದ ಒಳಮೈಗೆ ಹಳದಿ ಕೆನೆ. ಇವುಗಳಲ್ಲಿ ಆಯಿಲ್ ಏರುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಆತಂಕದ ಕುರುಹು, ಯಾಕೆಂದರೆ ಏರಿದ್ದು ಆಯಿಲಲ್ಲ, ಅದರಲ್ಲಿ ಸೇರಿದ ಡೀಸೆಲ್ಲು ಇಲ್ಲವೇ ನೀರು. ಹೆಡ್ ಗ್ಯಾಸ್ಕೆಟ್ ಹೋದಾಗಲೂ ಕೆನೆ ಕಟ್ಟುತ್ತದೆ, ನಾಜಲ್ ಕೆಟ್ಟಾಗಲೂ ಹೊಗೆ ಬರುತ್ತದೆ. ಆದ್ದರಿಂದ ಒಂದೇ ಕುರುಹು ಹಿಡಿದು ತೀರ್ಪು ಕೊಡಬಾರದು. ರೇಡಿಯೇಟರಿನ ನೀರು ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದರೆ ಗ್ಯಾಸ್ಕೆಟ್ಟನ್ನು, ಆಗುತ್ತಿಲ್ಲವಾದರೆ ತಂಪನ್ನು ಮೊದಲು ಶಂಕಿಸಬೇಕು.

"ಹತ್ತು ವರ್ಷದಿಂದ ವಾಲ್ವಿಲ್ಲದೆ ಓಡಿಸೇನಿ, ಏನೂ ಆಗಿಲ್ಲ" ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಬೇಸಿಗೆಯಲ್ಲಿ ದಿನವಿಡೀ ಎರೆಹೊಲದಲ್ಲಿ ನೇಗಿಲು ಎಳೆಯುವ ಟ್ರ್ಯಾಕ್ಟರು ವಾಲ್ವಿಲ್ಲದೆಯೂ ಬೇಕಾದಷ್ಟು ಕಾಯುತ್ತದೆ, ಅದಕ್ಕೆ ಹಾನಿ ಕಡಿಮೆ. ಆದರೆ ವರ್ಷದಲ್ಲಿ ಅಂಥ ದಿನಗಳೆಷ್ಟು? ಉಳಿದದ್ದೆಲ್ಲ ಟ್ರಾಲಿ, ಟ್ಯಾಂಕರು, ಸಿಂಪಡಣೆ, ಊರೊಳಗಿನ ಓಡಾಟ. ಸವೆತ ಒಂದು ದಿನದಲ್ಲಿ ಕಾಣುವಂಥದ್ದಲ್ಲ. ರಿಂಗು, ಲೈನರು ಬದಲಿಸುವ ಖರ್ಚು ಬಂದಾಗ ಆಯಿಲ್ ಸರಿಯಿರಲಿಲ್ಲ, ಡೀಸೆಲ್ ಕಲಬೆರಕೆ, ಡ್ರೈವರು ಒರಟ ಎಂದು ಹೇಳುತ್ತೇವೆ. ವರ್ಷಗಳ ಹಿಂದೆ ತೆಗೆದ ವಾಲ್ವಿನ ನೆನಪು ಯಾರಿಗೂ ಇರುವುದಿಲ್ಲ. ಇನ್ನೊಂದು ಆಕ್ಷೇಪ, ವಾಲ್ವ್ ಮುಚ್ಚಿಕೊಂಡೇ ಸಿಕ್ಕಿಬಿದ್ದರೆ ಎಂಜಿನ್ ಸೀಜ್ ಆಗುತ್ತದೆ, ಅದಕ್ಕಿಂತ ಇಲ್ಲದಿರುವುದೇ ಕ್ಷೇಮ ಎಂಬುದು. ಹಾಗೆ ಆಗುವುದುಂಟು. ಅದನ್ನು ಸಿಕ್ಕಿಸುವುದೂ ಬಹುಮಟ್ಟಿಗೆ ಅದೇ ಸವಳು ನೀರು, ಅದೇ ತುಕ್ಕು. ಕೆಲವು ನೂರು ರೂಪಾಯಿಯ ವಸ್ತುವನ್ನು ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸುವುದು ಆ ಅಂಜಿಕೆಗೆ ಸರಿಯಾದ ಉತ್ತರ. ಈಗಿನ ಡೀಸೆಲಿನಲ್ಲಿ ಗಂಧಕವೇ ಇಲ್ಲವಲ್ಲ ಎಂದು ತಿಳಿದವರು ಕೇಳಬಹುದು. 2020ರ ಏಪ್ರಿಲಿನಿಂದ ದೇಶದಾದ್ಯಂತ ಸಿಗುವ ಬಿಎಸ್-6 ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಹೀಗಾಗಿ ಗಂಧಕಾಮ್ಲದ ಕಾಟ ನಿಜವಾಗಿಯೂ ಇಳಿದಿದೆ. ನೀರು ಕಟ್ಟುವುದು, ಡೀಸೆಲ್ ಆಯಿಲಿಗೆ ಸೇರುವುದು, ಆಯಿಲ್ ದಪ್ಪವಾಗಿಯೇ ಉಳಿಯುವುದು ಇವು ಯಾವುವೂ ಇಳಿದಿಲ್ಲ.

ಹೊಸ ಡೀಸೆಲ್ ಗಾಡಿಗಳಲ್ಲಿ ಸಮಸ್ಯೆ ಇನ್ನೂ ಬಿಗಿಯಾಗಿದೆ. ಬಿಎಸ್-6 ಡೀಸೆಲ್ ವಾಹನಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರು ಇರುತ್ತದೆ. ಕೂಡಿದ ಮಸಿಯನ್ನು ಆಗಾಗ ಸುಟ್ಟು ಚೊಕ್ಕಟ ಮಾಡಿಕೊಳ್ಳಲು ಎಂಜಿನ್ ಚೆನ್ನಾಗಿ ಕಾದಿರಬೇಕು. ನೀರು ತಣ್ಣಗಿದ್ದರೆ ಕಂಪ್ಯೂಟರು ಆ ಕೆಲಸವನ್ನು ಮುಂದೂಡುತ್ತಲೇ ಹೋಗುತ್ತದೆ, ಫಿಲ್ಟರು ಕಟ್ಟಿ ಗಾಡಿ ಎಳೆಯದಂತಾಗುತ್ತದೆ. ಕಂಪ್ಯೂಟರು ಸ್ಕ್ಯಾನರಿನಲ್ಲಿ ಪಿ0128 ಎಂಬ ಕೋಡು ತೋರಿಸಿದರೆ, ನೀರು ಥರ್ಮೋಸ್ಟ್ಯಾಟಿನ ಮಟ್ಟಕ್ಕೆ ಕಾಯುತ್ತಿಲ್ಲ ಎಂದು ಅರ್ಥ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೂ ಕಟ್ಟುನಿಟ್ಟಾದ ಹೊಗೆ ನಿಯಮ ಬಂದಿದೆ. ಹಳೆಯ ಎಂಜಿನ್ನಿನಲ್ಲಿ ವಾಲ್ವ್ ಕಿತ್ತ ತಪ್ಪು ನಿಧಾನಕ್ಕೆ ಮುಟ್ಟುತ್ತಿತ್ತು, ಇವುಗಳಲ್ಲಿ ಬೇಗ ಮುಟ್ಟುತ್ತದೆ.

ವಾಲ್ವನ್ನು ಮರಳಿ ಕೂಡಿಸುವವರು ಕ್ರಮ ತಪ್ಪಬಾರದು. ಸುಣ್ಣ ಕಟ್ಟಿದ ರೇಡಿಯೇಟರಿಗೆ ಮೊದಲೇ ವಾಲ್ವ್ ಹಾಕಿದರೆ ಗಾಡಿ ಮತ್ತೆ ಕುದಿಯುತ್ತದೆ, ವಾಲ್ವಿನ ಮೇಲೆ ಮತ್ತೆ ಅಪವಾದ ಬರುತ್ತದೆ. ಹಿಂಗಾರಿ ರಾಶಿ ಮುಗಿದು ಮುಂಗಾರಿಗೆ ಇನ್ನೂ ಬಿಡುವಿರುವ ಹೊತ್ತಿನಲ್ಲಿ ರೇಡಿಯೇಟರ್ ಇಳಿಸಿ ಒಳಗೆ ಹೊರಗೆ ತೊಳೆಸಬೇಕು, ಬೆಲ್ಟು, ಪಂಪು, ಮುಚ್ಚಳದ ರಬ್ಬರು ನೋಡಬೇಕು, ಆಮೇಲೆ ಕಂಪನಿ ಹೇಳಿದ ಡಿಗ್ರಿಯ ಹೊಸ ವಾಲ್ವ್, ಹೊಸ ಗ್ಯಾಸ್ಕೆಟ್. ನೀರಿನ ಬದಲು ಕೂಲಂಟ್; ನಮ್ಮಲ್ಲಿ ಹಿಮ ಬೀಳದು ನಿಜ, ಆದರೆ ಕೂಲಂಟಿನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ನಮಗೆ ಬೇಕಾದದ್ದು ಅದು. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು, ಬೋರಿನ ನೀರಂತೂ ಬೇಡ. ಬಸಿದ ಹಳೆಯ ಕೂಲಂಟನ್ನು ಹಿತ್ತಲಿಗೆ ಚೆಲ್ಲಬಾರದು. ಅದು ಸಿಹಿಯಾಗಿರುತ್ತದೆ, ವಿಷವೂ ಹೌದು. ದನ, ನಾಯಿ ನೆಕ್ಕಿದರೆ ಸಾಯಬಹುದು. ಹೊಸ ಕೂಲಂಟ್ ತುಂಬಿಸಿ ಗಾಳಿಗುಳ್ಳೆ ಹೋಗುವವರೆಗೆ ಎಂಜಿನ್ ಓಡಿಸಿ, ತಣಿದ ಮೇಲೆ ಇನ್ನೊಮ್ಮೆ ಮಟ್ಟ ನೋಡಿ ಮುಚ್ಚಳ ಹಾಕಬೇಕು. ವಾಲ್ವ್ ಕೂಡಿಸಿದ ತಿಂಗಳು ವರ್ಷವನ್ನು ಆಯಿಲ್ ಬದಲಿಸಿದ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟರೆ, ಮುಂದೆ ಆ ಗಾಡಿ ಬಿಚ್ಚುವ ಮಿಸ್ತ್ರಿಗೆ ಒಳಗೇನಿದೆ ಎಂಬುದು ಗೊತ್ತಿರುತ್ತದೆ.